ಅರಿವಂಕ ತೊಂಬತ್ತೆಂಟು

ಘಟಪ್ರಭಾ ಆರೋಗ್ಯ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಗಳು ನಿಂತುಹೋಗಿ ಆರು ವರ್ಷಗಳಾಗಿದ್ದವು. ನಿಲ್ಲಿಸಿದವಳು ತಾನೇ ಎಂದು ನೀಲಾಂಬಿಕಾ ಬಳಿಗಾರ ಯಾರ ಮುಂದೆಯೂ ಹೇಳಿಕೊಳ್ಳುತ್ತಿರಲಿಲ್ಲ. ಬೇರೆಯವರು ಹೇಳಿದರೆ ಅಲ್ಲವೆನ್ನುತ್ತಲೂ ಇರಲಿಲ್ಲ.

ಆಕೆ ಅಲ್ಲಿನ ಮೌಲ್ಯಮಾಪನ ಕುಲಸಚಿವೆ. ಪರೀಕ್ಷೆಗಳ ಕಾಲದ ಕೊಳಕನ್ನೆಲ್ಲ ಕಣ್ಣಾರೆ ಕಂಡವಳು. ಪ್ರಶ್ನೆಪತ್ರಿಕೆ ಹಿಂದಿನ ದಿನವೇ ಮೊಬೈಲುಗಳಲ್ಲಿ ಓಡಾಡುತ್ತಿತ್ತು. ಮನೆಯಲ್ಲಿ ಬರೆದು ತರುವ ಪ್ರಬಂಧಗಳನ್ನು ಯಂತ್ರಗಳು ಬರೆದುಕೊಡುತ್ತಿದ್ದವು. ಮೌಲ್ಯಮಾಪಕರು ದಿನಕ್ಕೆ ಅರವತ್ತು ಉತ್ತರಪತ್ರಿಕೆ ತಿರುವಿಹಾಕಿ ಚಹಾ ಕುಡಿದು ಎದ್ದುಹೋಗುತ್ತಿದ್ದರು. ಒಂದು ಸಲ ಯಾವನೋ ಹುಡುಗ ಮೂತ್ರಪಿಂಡದ ಕೆಲಸವೇನೆಂಬ ಪ್ರಶ್ನೆಗೆ ಉಪ್ಪಿಟ್ಟು ಮಾಡುವ ಕ್ರಮವನ್ನು ಒಂದೂವರೆ ಪುಟ ಬರೆದಿದ್ದ. ಅದಕ್ಕೆ ಹತ್ತಕ್ಕೆ ಎಂಟು ಅಂಕ ಬಿದ್ದಿತ್ತು. ಆ ಹಾಳೆಯನ್ನು ನೀಲಾಂಬಿಕಾ ಸಭೆಯೊಂದರಲ್ಲಿ ಗಟ್ಟಿಯಾಗಿ ಓದಿದ್ದಳು. ಯಾರೂ ನಕ್ಕಿರಲಿಲ್ಲ. ಅದೇ ಸಭೆಯಲ್ಲಿ ಹಣೆಪಟ್ಟಿಯ ಪ್ರಸ್ತಾಪ ಒಪ್ಪಿಗೆಯಾಯಿತು.

ಹಣೆಪಟ್ಟಿಯ ಹಿಂದಿದ್ದ ತತ್ವ ಸರಳವಾದದ್ದು. ಮನುಷ್ಯನ ಮಿದುಳು ಸುಮ್ಮನೆ ಕೇಳಿಸಿಕೊಳ್ಳುತ್ತ ಕೂರುವುದಿಲ್ಲ. ಮುಂದೇನು ಬರುತ್ತದೆ ಎಂದು ಕ್ಷಣಕ್ಷಣಕ್ಕೂ ಊಹೆ ಕಟ್ಟುತ್ತಿರುತ್ತದೆ. ಊಹೆ ತಪ್ಪಿದರೆ ಅರ್ಧ ಸೆಕೆಂಡಿನೊಳಗೆ ಅಲ್ಲೊಂದು ಸಣ್ಣ ವಿದ್ಯುತ್ತಿನ ಅಲೆ ಏಳುತ್ತದೆ. ಅದನ್ನು ಬೆರಗಿನ ಅಲೆ ಎಂದು ಕರೆದರು. ವಿಷಯವನ್ನು ನಿಜವಾಗಿ ಅರಿತವರಿಗೆ ಪಾಠದ ಮುಂದಿನ ಮಾತು ಹೊಸದಲ್ಲ. ಅಡುಗೆ ಬಲ್ಲವಳು ಸಾಸಿವೆ ಚಟಪಟ ಎಂದರೆ ಬೆಚ್ಚುತ್ತಾಳೆಯೇ? ಹಾಗೆ, ಅಲೆ ಕಡಿಮೆಯಾದಷ್ಟೂ ಅರಿವು ಹೆಚ್ಚು. ವಿದ್ಯಾರ್ಥಿ ತರಗತಿಯಲ್ಲೂ ವಾರ್ಡಿನಲ್ಲೂ ಹಣೆಗೊಂದು ಪಟ್ಟಿ ಕಟ್ಟಿಕೊಂಡು ಕೂತರೆ ಸಾಕು, ವರ್ಷದ ಕೊನೆಗೆ ನೂರಕ್ಕೆ ಇಷ್ಟು ಎಂಬ ಅಂಕ ತಾನಾಗಿ ಬರುತ್ತಿತ್ತು. ಅದರ ಹೆಸರು ಅರಿವಂಕ. ನಕಲು ಇಲ್ಲ, ಸೋರಿಕೆ ಇಲ್ಲ, ಪರೀಕ್ಷೆಯ ಹಿಂದಿನ ದಿನದ ಹೊಟ್ಟೆನೋವಿಲ್ಲ. ಮೊದಲ ವರ್ಷ ಹುಡುಗರು ಬಾಗಲಕೋಟೆ ನವನಗರದ ರಸ್ತೆಗಳಲ್ಲಿ ಪಟಾಕಿ ಹೊಡೆದಿದ್ದರು.

ಹುಲಿಗೆವ್ವ ವಾಲೀಕಾರ ಎಂಬ ಹುಡುಗಿ ಅರ್ಜಿ ಹಿಡಿದು ನೀಲಾಂಬಿಕಾಳ ಕೋಣೆಗೆ ಬಂದದ್ದು ಪಟ್ಟಿ ಬಂದ ಐದನೆಯ ವರ್ಷದ ಬೇಸಿಗೆಯಲ್ಲಿ. ಕಮತಗಿಯ ನೇಕಾರಳೊಬ್ಬಳ ಮಗಳು. ನರ್ಸಿಂಗ್ ಎರಡನೆಯ ವರ್ಷ. ಎರಡು ಸಲವೂ ಅರಿವಂಕ ಮೂವತ್ತೊಂದರ ಆಚೆ ದಾಟಿರಲಿಲ್ಲ. ಐವತ್ತು ಬೇಕಿತ್ತು.

"ಮೇಡಂ, ನನಗ ಹಳೇ ಪದ್ಧತಿ ಪ್ರಕಾರ ಪ್ರಶ್ನಿ ಕೇಳ್ರಿ. ಬಾಯಿಲೆ ಕೇಳ್ರಿ, ಬರಿ ಅನ್ರಿ, ಪೇಷಂಟ್ ಮುಂದ ನಿಲ್ಸಿ ಕೇಳ್ರಿ. ಎಲ್ಲಾ ಹೇಳ್ತೀನಿ."

"ಗೊತ್ತಿದ್ದರೆ ಅಂಕದಾಗ ಬರಬೇಕಿತ್ತಲ್ಲವಾ?"

"ಗೊತ್ತೈತ್ರಿ. ಆದ್ರ ಕೇಳಿದಾಗೊಮ್ಮೆ ಮೈ ಜುಂ ಅಂತೈತಿ. ಹೃದಯದಾಗ ನಾಕ ಕೋಣಿ ಅದಾವ ಅಂತ ಹತ್ತನೇ ಸಲ ಕೇಳಿದ್ರೂ ಜುಂ ಅಂತೈತ್ರಿ. ಒಂದೊಂದು ಬಡತಕ್ಕ ನಾಕೂ ಸೇರಿ ಕೆಲಸ ಮಾಡ್ತಾವಲ್ರಿ, ಹುಟ್ಟಿದಾಗಿಂದ ಒಂದಿನಾನೂ ಸೂಟಿ ಇಲ್ದ! ಒಳಗ ಹಂಗ ಆದ್ರ ನಾ ಏನ್ ಮಾಡ್ಲಿ?"

ನೀಲಾಂಬಿಕಾಳಿಗೆ ಆ ಹುಡುಗಿಯ ಮೇಲೆ ಕನಿಕರ ಹುಟ್ಟಿತು. ನಿಯಮದಲ್ಲಿ ಅವಕಾಶವಿಲ್ಲ ಎಂದು ತಿಳಿಹೇಳಿ ಅರ್ಜಿಯ ಮೇಲೆ ಹಾಗೆಯೇ ಬರೆದಳು. ಹುಲಿಗೆವ್ವ ಆ ಬರಹವನ್ನು ಎರಡು ಸಲ ಓದಿ, ಕೈಮುಗಿದು ಹೋದಳು. ಮುಂದೆ ಆಕೆ ಓದು ಬಿಟ್ಟು ವಿಶ್ವವಿದ್ಯಾಲಯದ್ದೇ ಆದ ತರಬೇತಿ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿ ಸೇರಿದ್ದು ನೀಲಾಂಬಿಕಾಳಿಗೆ ತಿಳಿಯಲಿಲ್ಲ. ತಿಳಿಯಬೇಕಾದ ಕಾರಣವೂ ಇರಲಿಲ್ಲ.

ಮನೆಯಲ್ಲಿ ನೀಲಾಂಬಿಕಾಳಿಗೆ ಒಬ್ಬಳೇ ಮಗಳು, ಶಾಲ್ಮಲಾ. ಅದೇ ವಿಶ್ವವಿದ್ಯಾಲಯದ ನರ್ಸಿಂಗ್ ವಿದ್ಯಾರ್ಥಿನಿ. ಚಿಕ್ಕಂದಿನಲ್ಲಿ ಅವಳು ಎಲ್ಲದಕ್ಕೂ ಬಾಯಿ ಬಿಟ್ಟು ನಿಲ್ಲುತ್ತಿದ್ದ ಕೂಸು. ಮೊದಲ ವರ್ಷ ಅವಳ ಅರಿವಂಕ ನಲವತ್ತನಾಲ್ಕು ಬಂದಾಗ ನೀಲಾಂಬಿಕಾ ಮುಖ ಎತ್ತಿ ಕಚೇರಿಯಲ್ಲಿ ನಡೆಯಲಾರದೆ ಹೋದಳು. ಮಗಳನ್ನು ಸೆಕ್ಟರ್ ನಲವತ್ತೈದರ ಸಮಚಿತ್ತ ತರಬೇತಿ ಕೇಂದ್ರಕ್ಕೆ ಸೇರಿಸಿದಳು. ಅಂಥ ಕೇಂದ್ರಗಳು ಆಗ ಬೀದಿಗೆ ಎರಡಾಗಿದ್ದವು. ಅಲ್ಲಿ ಮರುದಿನದ ಪಾಠವನ್ನು ಮೂರು ಸಲ ಮುಂಚಿತವಾಗಿ ಕೇಳಿಸುತ್ತಿದ್ದರು. ಆಮೇಲೆ ಪಟ್ಟಿ ಕಟ್ಟಿ, ಎದುರಿನ ಪರದೆಯ ಮೇಲೆ ಅವರವರ ಅಲೆಯನ್ನು ಅವರವರಿಗೇ ತೋರಿಸುತ್ತ, ಒಮ್ಮೆಲೇ ತಗಡು ಬಡಿದ ಸದ್ದು, ಒಮ್ಮೆಲೇ ಹಾವಿನ ಚಿತ್ರ, ಒಮ್ಮೆಲೇ ಮಗುವಿನ ಚೀರಾಟ. ಅಲೆ ಏಳದಂತೆ ಹಿಡಿದವರಿಗೆ ಹಸಿರು ದೀಪ. ಮಿದುಳು ಎಂಬುದು ಎತ್ತಿನಂತೆ, ಎತ್ತ ಹೊಡೆದರೆ ಅತ್ತ ಹೋಗುತ್ತದೆ. ಎರಡು ವರ್ಷದಲ್ಲಿ ಶಾಲ್ಮಲಾಳ ಅಂಕ ತೊಂಬತ್ತು ದಾಟಿತು.

ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಕುಕ್ಕರಿನ ಮುಚ್ಚಳ ಹಾರಿ ಬೇಳೆಯೆಲ್ಲ ಸೂರಿಗೆ ಬಡಿಯಿತು. ನೀಲಾಂಬಿಕಾ "ಅಯ್ಯಯ್ಯೋ" ಎಂದು ಕಿರುಚಿ ಕುಸಿದು ಕೂತಳು. ಗಂಡ ಪ್ರಭಾಕರ ಹಲ್ಲುಜ್ಜುತ್ತಿದ್ದವನು ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿ ಬಂದ. ಬಾಗಿಲ ಬಳಿ ತಲೆ ಬಾಚಿಕೊಳ್ಳುತ್ತಿದ್ದ ಶಾಲ್ಮಲಾ ಬಾಚಣಿಗೆಯನ್ನು ನಿಲ್ಲಿಸಲೂ ಇಲ್ಲ.

"ಗ್ಯಾಸ್ಕೆಟ್ ಹಳೇದಾಗಿತ್ತವ್ವಾ," ಎಂದಳು.

ನೀಲಾಂಬಿಕಾ ಅದನ್ನು ಹೆಮ್ಮೆಯಿಂದ ನಾಲ್ಕು ಜನಕ್ಕೆ ಹೇಳಿಕೊಂಡು ತಿರುಗಿದಳು. ಪ್ರಭಾಕರ ಹೈಸ್ಕೂಲಿನಲ್ಲಿ ಚಿತ್ರಕಲೆಯ ಮೇಷ್ಟ್ರು, ಹೆಚ್ಚು ಮಾತಿನವನಲ್ಲ. ಅವತ್ತು ಸೂರಿನ ಬೇಳೆ ಒರೆಸುತ್ತ, "ನೀಲಾ, ಹುಡುಗಿ ನಗೂದು ಬಿಟ್ಟು ಎಷ್ಟು ದಿನ ಆತು, ಲೆಕ್ಕ ಇಟ್ಟೀಯೇನು?" ಎಂದ.

"ಓದೂ ಹುಡುಗಿ. ನಗಾಕ ಪುರುಸೊತ್ತೆಲ್ಲೈತಿ?"

"ಜೋಕ್ ಹೇಳಿದ್ರ ಮುಗಿಯೂದ್ರಾಗ 'ಗೊತ್ತಾತು' ಅಂತಾಳ. ನಗು ಬರೂದು ಗೊತ್ತಾಗದಾಗ."

ನೀಲಾಂಬಿಕಾ ಹೊಸ ಗ್ಯಾಸ್ಕೆಟ್ ತರಲೆಂದು ಚೀಲ ಹಿಡಿದು ಹೊರಟಳು.

ಇಷ್ಟನ್ನೇ ಇನ್ನೊಂದು ಬಗೆಯಲ್ಲಿ ಹೇಳಿದವನು ಮುಸ್ತಾಕ್ ಜಮಾದಾರ. ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ, ಹಿಂದೆ ಉತ್ತರಪತ್ರಿಕೆ ಪೇರಿಸಿಡುತ್ತಿದ್ದ ಕೋಣೆಯಲ್ಲಿ, ಈಗ ಎಲ್ಲ ಪಟ್ಟಿಗಳ ದಾಖಲೆ ಬಂದು ಬೀಳುತ್ತಿತ್ತು. ಅದರ ಎಂಜಿನಿಯರ್ ಅವನು. ಪ್ರತಿ ಬೆಳಿಗ್ಗೆ ಪಟ್ಟಿ ಕಟ್ಟಿದ ಕೂಡಲೇ ವಿದ್ಯಾರ್ಥಿಗೆ ಒಂದು ಚಪ್ಪಾಳೆಯ ಸದ್ದು, ಒಂದು ಅಡ್ಡಾದಿಡ್ಡಿ ವಾಕ್ಯ ಕೇಳಿಸಿ, ಅವರವರ ಬೆರಗಿನ ಅಳತೆಯನ್ನು ಮೊದಲು ಗುರುತು ಹಾಕಿಕೊಳ್ಳುತ್ತಿದ್ದರು. ಪಟ್ಟಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡಲು ಅದು ಬೇಕಿತ್ತು, ಅಂಕಕ್ಕೆ ಅದನ್ನು ಹಿಡಿಯುತ್ತಿರಲಿಲ್ಲ. ಮುಸ್ತಾಕ್ ಆರು ವರ್ಷದ ಆ ಬೆಳಗಿನ ಗುರುತುಗಳನ್ನು ಒಂದು ಗೆರೆಯಾಗಿ ಎಳೆದು ತಂದು ಅವಳ ಮೇಜಿನ ಮೇಲಿಟ್ಟ. ಗೆರೆ ಇಳಿಜಾರಿನಲ್ಲಿ ಬಂಡಿ ಇಳಿದ ಹಾಗೆ ಇಳಿದಿತ್ತು.

"ಪಾಠಕ್ಕಷ್ಟ ಅಲ್ರಿ ಮೇಡಂ, ಎಲ್ಲಾದಕ್ಕೂ ಅಲೆ ಸತ್ತೈತಿ. ನಿನ್ನೆ 'ಆಕಳ ಹುಲ್ಲು ತಿಂದು ಕುರ್ಚಿ ಹಾಕಿತು' ಅಂತ ಕೇಳ್ಸಿದೆ. ಮೂರನೇ ವರ್ಷದ ನೂರಾ ಹತ್ತು ಹುಡುಗ್ರಾಗ ತೊಂಬತ್ತು ಮಂದೀದು ಮಿಸುಕಲಿಲ್ಲ. ಇವು ಅರಿತ ಮಿದುಳಲ್ಲ. ಕದ ಹಾಕ್ಕೊಂಡ ಮಿದುಳು."

"ಮೂರನೇ ವರ್ಷದವರು ಗಟ್ಟಿಯಾಗಿರ್ತಾರ ಬಿಡ್ರಿ."

"ಮನ್ಶಾಗ ಬೆರಗು ಯಾತಕ್ಕ ಕೊಟ್ಟಾನ್ರಿ ದೇವರು? ಎಚ್ಚರ ಆಗಲಿ ಅಂತ. ಈ ಪಟ್ಟಿ ಮೊದಲು ತಗೀಬೇಕ್ರಿ."

"ಮುಂದಿನ ತಿಂಗಳು ದಿಲ್ಲಿಯಿಂದ ಪರಿಶೀಲನಾ ತಂಡ ಬರ್ತೈತಿ. ಅದು ಮುಗೀಲಿ, ನೋಡೋಣ," ಎಂದು ನೀಲಾಂಬಿಕಾ ಹಾಳೆಯನ್ನು ಡ್ರಾಯರಿನಲ್ಲಿಟ್ಟಳು. ಮುಸ್ತಾಕ್ ಹೇಳಿದ್ದು ಅವಳಿಗೆ ಅರ್ಥವಾಗಿತ್ತು. ಅರ್ಥವಾದದ್ದನ್ನು ಕೆಲವು ದಿನ ಮುಂದಕ್ಕೆ ಹಾಕಿದರೆ ಏನು ಕೆಡುತ್ತದೆ ಎಂದುಕೊಂಡಳು.

ತಂಡ ಬರುವ ಮೊದಲೇ ಕೆಟ್ಟಿತು. ಒಂದು ಗುರುವಾರ, ಮಧ್ಯಾಹ್ನ ಮೂರರ ಸುಮಾರಿಗೆ ಆಸ್ಪತ್ರೆಯಿಂದ ಫೋನ್ ಬಂತು. ಹೆರಿಗೆ ವಾರ್ಡಿನಲ್ಲಿ ಶಿರೂರಿನ ಮಂಜವ್ವ ಎಂಬ ಬಾಣಂತಿ ರಕ್ತಸ್ರಾವದಿಂದ ಸತ್ತಿದ್ದಳು. ವಯಸ್ಸು ಇಪ್ಪತ್ತೆರಡು, ಹೆಣ್ಣುಕೂಸು ಹುಟ್ಟಿ ಒಂದೂವರೆ ತಾಸಾಗಿತ್ತು. ವಾರ್ಡಿನ ಹಿರಿಯ ಸಿಸ್ಟರ್ ಇನ್ನೊಂದು ಹೆರಿಗೆಗೆಂದು ಆಪರೇಷನ್ ಥಿಯೇಟರಿಗೆ ಹೋಗಿದ್ದರು. ಹಾಸಿಗೆಯ ಪಕ್ಕ ತರಬೇತಿಯ ವಿದ್ಯಾರ್ಥಿನಿಯೊಬ್ಬಳನ್ನು ಬಿಟ್ಟಿದ್ದರು. ಶಾಲ್ಮಲಾಳನ್ನು.

"ನಿಮ್ಮ ಮಗಳ್ದೇನೂ ತಪ್ಪಿಲ್ಲ ಮೇಡಂ," ಎಂದರು ಫೋನಿನಲ್ಲಿದ್ದ ಅಧೀಕ್ಷಕರು. "ಚಾರ್ಟ್ ಬಹಳ ಚಂದ ಬರ್ದಾಳ. ಅಲ್ಲೊಬ್ಬಾಕಿ ಆಯಾ, ನಡುವ ಬಂದು ಬಾಣಂತಿ ಹೊಟ್ಟಿ ಹಿಚುಕಿದಳಂತ. ಕಲಿಯದಾಕಿ. ಅದರಿಂದನ ಅನಾಹುತ ಆಗೇತಿ."

ನೀಲಾಂಬಿಕಾ ಫೋನ್ ಇಟ್ಟು ನೆಲಮಾಳಿಗೆಗೆ ಇಳಿದಳು. ವಾರ್ಡಿನ ತರಬೇತಿಯಲ್ಲಿ ಪಟ್ಟಿಯ ನಡುವೆ ಒಂದು ಸಣ್ಣ ಮಸೂರವೂ ಇರುತ್ತಿತ್ತು. ವಿದ್ಯಾರ್ಥಿ ನೋಡಿದ್ದನ್ನೆಲ್ಲ ಅದೂ ನೋಡಿ, ಚಿತ್ರದ ಕೆಳಗೆ ಅಲೆಯನ್ನು ಜೋಡಿಸುತ್ತಿತ್ತು. ಮುಸ್ತಾಕ್ ಅವತ್ತಿನ ದಾಖಲೆ ತೆರೆದು, ಕುರ್ಚಿ ಬಿಟ್ಟುಕೊಟ್ಟು ಹೊರಗೆ ಹೋದ.

ಪರದೆಯ ಮೇಲೆ ಶಾಲ್ಮಲಾಳ ಕಣ್ಣಿನ ಎದುರಿದ್ದ ಲೋಕ ಕಂಡಿತು. ಹಸಿರು ಹೊದಿಕೆ. ಮಂಜವ್ವನ ದುಂಡು ಮುಖ, ಮೂಗಿನ ನತ್ತು. ತೊಟ್ಟಿಲಲ್ಲಿ ಕೂಸು. ಎರಡು ಗಂಟೆ ಹತ್ತು ನಿಮಿಷಕ್ಕೆ ಶಾಲ್ಮಲಾ ಹೊದಿಕೆ ಸರಿಸಿ ನೋಡಿದಳು, ಬಟ್ಟೆ ತೊಯ್ದಿತ್ತು. ನಾಡಿ ಹಿಡಿದಳು. ಚಾರ್ಟಿನಲ್ಲಿ ನೂರಾ ಹದಿನಾರು ಎಂದು ಬರೆದಳು. ಅಕ್ಷರ ಮುದ್ದಾಗಿದ್ದವು. ಕೆಳಗೆ ಅಲೆಯ ಗೆರೆ ನೇರವಾಗಿ ಹೋಗುತ್ತಿತ್ತು.

ಎರಡು ಹದಿನೆಂಟಕ್ಕೆ ಮಂಜವ್ವ, "ಅಕ್ಕಾರ, ಯಾಕೋ ಕಣ್ಣ ಕತ್ತಲಿ ಬರಾಕತ್ತೈತ್ರಿ," ಎಂದಳು.

"ಹೌದು, ಬರ್ತೈತಿ," ಎಂದಿತು ಶಾಲ್ಮಲಾಳ ದನಿ.

ನಾಡಿ ನೂರಾ ಮೂವತ್ತು. ರಕ್ತದೊತ್ತಡ ಎಂಬತ್ತು. ಎಲ್ಲವೂ ಚಾರ್ಟಿನಲ್ಲಿ, ಅದರದರ ಅಂಕಣದಲ್ಲಿ. ರಕ್ತ ಹಾಸಿಗೆಯ ಅಂಚಿನಿಂದ ಇಳಿದು ನೆಲದ ಮೇಲೆ ಒಂದು ಬಟ್ಟಲಿನಷ್ಟು ಅಗಲವಾಯಿತು, ತಟ್ಟೆಯಷ್ಟಾಯಿತು. ಮಸೂರ ಅದನ್ನು ನೋಡಿತು, ಗಡಿಯಾರ ನೋಡಿತು, ಮತ್ತೆ ಅದನ್ನು ನೋಡಿತು. ಗೆರೆ ನೇರವಾಗಿಯೇ ಇತ್ತು. ನೀಲಾಂಬಿಕಾ ತನಗೆ ಗೊತ್ತಿಲ್ಲದಂತೆಯೇ ಪರದೆಗೆ ಕೈ ಬಡಿದು, "ಕರೀ, ಯಾರನ್ನರ ಕರೀ, ಶಾಲೂ, ಕರೀ!" ಎಂದು ಕೂಗಿದಳು.

ಎರಡು ಮೂವತ್ತೆರಡಕ್ಕೆ ಬಾಗಿಲಲ್ಲಿ ಬಕೆಟ್ ಬಿದ್ದ ಸದ್ದಾಯಿತು. "ಯವ್ವಾ ಯವ್ವಾ ಯವ್ವಾ!" ಎಂದು ಚೀರುತ್ತ ನೀಲಿ ಸೀರೆಯ ಆಯಾ ಒಬ್ಬಳು ಒಳಗೆ ನುಗ್ಗಿದಳು. ಹಾಸಿಗೆಯ ಮೇಲೆ ಮೊಣಕಾಲೂರಿ, ಮಂಜವ್ವನ ಹೊಟ್ಟೆಯ ಮೇಲೆ ಅಂಗೈ ಒತ್ತಿ ತಿಕ್ಕತೊಡಗಿದಳು. "ಗರ್ಭಕೋಶ ಮೆತ್ತಗಾಗೇತಿ! ಡಾಕ್ಟರ್‌ನ ಕರೀರಿ! ಇಂಜೆಕ್ಷನ್ ತರ್ರಿ! ನಿಂತು ಏನ್ ನೋಡಾಕತ್ತೀಯ ತಂಗೀ, ಓಡು!" ಅವಳು ಮುಖ ಎತ್ತಿದಾಗ ನೀಲಾಂಬಿಕಾ ಗುರುತು ಹಿಡಿದಳು. ಮೂವತ್ತೊಂದು ಅಂಕದ ಹುಡುಗಿ, ಹುಲಿಗೆವ್ವ.

ಶಾಲ್ಮಲಾ ಓಡಲಿಲ್ಲ, ನಡೆದುಹೋಗಿ ಡಾಕ್ಟರನ್ನು ಕರೆದಳು. ಅವರು ಬಂದಾಗ ತಡವಾಗಿತ್ತು.

ದಾಖಲೆಯ ಕೊನೆಯಲ್ಲಿ ಯಂತ್ರ ಆ ಹೊತ್ತಿನ ಪ್ರಾಯೋಗಿಕ ಅಂಕವನ್ನು ತಾನಾಗಿ ಹಾಕಿತ್ತು. ಎರಡು ಹತ್ತರಿಂದ ಎರಡು ಮೂವತ್ತೆರಡರವರೆಗೆ, ಅರಿವಂಕ ತೊಂಬತ್ತೆಂಟು.

ಅವತ್ತು ಸಂಜೆ ಮನೆಯಲ್ಲಿ ಶಾಲ್ಮಲಾ ಕೈಕಾಲು ತೊಳೆದು, ಎಂದಿನಂತೆ ರೊಟ್ಟಿ ಹಾಕಿಸಿಕೊಂಡು ಕೂತಳು. ಪ್ರಭಾಕರ ತಟ್ಟೆ ಮುಟ್ಟಲಿಲ್ಲ. ನೀಲಾಂಬಿಕಾ ಮಗಳ ಎದುರು ಕುಳಿತು, "ರಕ್ತ ಹೋಗಾಕತ್ತಿದ್ದು ನಿನಗ ಗೊತ್ತಾಗಲಿಲ್ಲೇನು?" ಎಂದು ಕೇಳಿದಳು.

"ಗೊತ್ತಾತವ್ವಾ."

"ಏನು ಮಾಡಬೇಕಂತ ಗೊತ್ತಿತ್ತಿಲ್ಲೋ?"

"ಗೊತ್ತಿತ್ತು. ಗರ್ಭಕೋಶ ತಿಕ್ಕಬೇಕು, ಸಹಾಯಕ್ಕ ಕರೀಬೇಕು, ಇಂಜೆಕ್ಷನ್ ಕೊಡಬೇಕು. ಎಲ್ಲಾ ಗೊತ್ತಿತ್ತು."

"ಮತ್ಯಾಕ ಕರೀಲಿಲ್ಲ?"

ಶಾಲ್ಮಲಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಯೋಚಿಸಿದಳು. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕುವವಳ ಹಾಗೆ ಪ್ರಾಮಾಣಿಕವಾಗಿ ಯೋಚಿಸಿದಳು.

"ಮುಂದ ಏನಾಗ್ತೈತಿ ಅಂತ ಗೊತ್ತಿತ್ತು, ಹಂಗ ಆತು. ಕರೀಬೇಕು ಅಂತ ಒಳಗಿಂದ ಏನೂ ಬರಲಿಲ್ಲವ್ವಾ. ಬರತೈತೇನು, ಬ್ಯಾರೆಯವರಿಗೆ?"

ಪ್ರಭಾಕರ ಎದ್ದು ಹಿತ್ತಲಿಗೆ ಹೋದ. ಅಲ್ಲಿ ಅವನು ಬಿಕ್ಕುವುದು ಕೇಳಿಸಿತು. ಶಾಲ್ಮಲಾ ಆ ಕಡೆ ಒಮ್ಮೆ ನೋಡಿ ಪಲ್ಯ ಬಡಿಸಿಕೊಂಡಳು.

ಮರುದಿನ ಕುಲಪತಿಗಳು ನೀಲಾಂಬಿಕಾಳನ್ನು ಕರೆಸಿಕೊಂಡರು. ವಿಚಾರಣೆಗೆ ನಿವೃತ್ತ ನ್ಯಾಯಾಧೀಶರೊಬ್ಬರು ಬರುತ್ತಾರೆ, ಆಯಾಳನ್ನು ಪೊಲೀಸರು ಆಗಲೇ ಕರೆದೊಯ್ದಿದ್ದಾರೆ ಎಂದರು. ಆಮೇಲೆ ಕಿಟಕಿಯ ಕಡೆ ನೋಡುತ್ತ, "ಪಟ್ಟಿಯ ದಾಖಲೆ ಏನರ ಐತೇನ್ರಿ?" ಎಂದು ಕೇಳಿದರು.

ನೀಲಾಂಬಿಕಾ ಆ ಕ್ಷಣದವರೆಗೂ ಒಂದು ನಿರ್ಧಾರಕ್ಕೆ ಬಂದಿರಲಿಲ್ಲ. ಕೇಳಿದ ಕೂಡಲೇ ಬಂದಳು. "ಅವತ್ತು ಪಟ್ಟಿ ಕೆಟ್ಟಿತ್ತು ಸರ್," ಎಂದಳು.

ನೆಲಮಾಳಿಗೆಯಲ್ಲಿ ಮುಸ್ತಾಕ್ ಅಡ್ಡ ನಿಂತ. "ಅಳಿಸಬ್ಯಾಡ್ರಿ ಮೇಡಂ. ಆ ಹುಡುಗಿ ಜೇಲಿಗೆ ಹೋಗ್ತಾಳ."

"ಇದು ಉಳಿದ್ರ ನನ್ನ ಮಗಳು ಹೋಗ್ತಾಳ ಮುಸ್ತಾಕ್. ಇಪ್ಪತ್ತೆರಡು ನಿಮಿಷ ನಿಂತು ನೋಡ್ಯಾಳ. ಯಾರು ಬಿಡ್ತಾರ?"

"ಆಕಿ ನೋಡಿದ್ದಲ್ರಿ. ನಾವು ನೋಡ್ಸಿದ್ದು."

"ನಿಮಗ ಮಕ್ಕಳಿದ್ದಿದ್ರ ಹಿಂಗ ಮಾತಾಡ್ತಿರಲಿಲ್ಲ."

ಅವನಿಗೆ ಮಕ್ಕಳಿರಲಿಲ್ಲ. ಆ ಮಾತಿಗೆ ಅವನು ತಲೆ ತಗ್ಗಿಸಿ ಪಕ್ಕಕ್ಕೆ ಸರಿದ. ದಾಖಲೆ ಅಳಿಸುವ ಅಧಿಕಾರ ಕುಲಸಚಿವೆಯ ಗುಪ್ತಪದಕ್ಕೆ ಮಾತ್ರ ಇತ್ತು. ಎರಡು ಸಲ ಅದು ತಪ್ಪಾಯಿತು. ಮೂರನೆಯ ಸಲ ಸರಿಯಾಯಿತು.

ವಿಚಾರಣೆ ಆಸ್ಪತ್ರೆಯ ಸಭಾಂಗಣದಲ್ಲಿ ನಡೆಯಿತು. ನ್ಯಾಯಾಧೀಶ ಹೊಸಗೌಡರ ಎಪ್ಪತ್ತು ದಾಟಿದ ಸಣಕಲು ಮುದುಕ, ಕಿವಿ ಸ್ವಲ್ಪ ಮಂದ. ಅಧೀಕ್ಷಕರು, ಹಿರಿಯ ಸಿಸ್ಟರ್, ಎಲ್ಲರೂ ಒಂದೇ ಮಾತು ಹೇಳಿದರು: ಕಲಿಯದವಳು ಹೊಟ್ಟೆ ಹಿಚುಕಿದ್ದರಿಂದ ರಕ್ತಸ್ರಾವ ಶುರುವಾಯಿತು. ಹುಲಿಗೆವ್ವ ಮೂಲೆಯಲ್ಲಿ ಮಹಿಳಾ ಪೇದೆಯ ಪಕ್ಕ ಕೂತಿದ್ದಳು. ಅವಳ ಬಾಯಿಂದ ಬಂದದ್ದು ಇಷ್ಟೇ: "ನಾ ಬರೂದ್ರಾಗ ನೆಲಾ ಎಲ್ಲಾ ರಕ್ತ ಆಗಿತ್ರಿ ಸಾಹೇಬ್ರ." ನೀಲಾಂಬಿಕಾ ಎದ್ದು ನಿಂತು, ಅವತ್ತಿನ ದಾಖಲೆ ಲಭ್ಯವಿಲ್ಲ ಎಂದು ಹೇಳಿ ಕೂತಳು. ಹುಲಿಗೆವ್ವ ತನ್ನನ್ನೇ ನೋಡುತ್ತಿದ್ದಾಳೆಂದು ಅವಳಿಗೆ ಅನಿಸಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಕೊನೆಗೆ ಶಾಲ್ಮಲಾಳನ್ನು ಕರೆದರು. ತೊಂಬತ್ತೆಂಟು ಅಂಕದ ಆ ದಾಖಲೆಯನ್ನು ತಾನು ಅಳಿಸಿದ್ದನ್ನೂ ತಿಳಿಸಿ, ಏನು ಹೇಳಬೇಕೆಂದು ನೀಲಾಂಬಿಕಾ ಮನೆಯಲ್ಲಿ ಅವಳಿಗೆ ಮೂರು ಸಲ ಹೇಳಿಕೊಟ್ಟಿದ್ದಳು. ಶಾಲ್ಮಲಾ ಮೂರು ಸಲವೂ ತಪ್ಪಿಲ್ಲದೆ ಒಪ್ಪಿಸಿದ್ದಳು.

"ಆಯಾ ಬರೂಕಿಂತ ಮೊದಲ ರಕ್ತ ಹೋಗಾಕತ್ತಿತ್ತೇನು?" ಎಂದು ಹೊಸಗೌಡರ ಕೇಳಿದರು.

"ಹೌದ್ರಿ. ಇಪ್ಪತ್ತೆರಡು ನಿಮಿಷ ಮೊದಲು."

ಮುದುಕ ಕಿವಿಗೆ ಕೈ ಹಿಡಿದು, "ಏನಂದಿ?" ಎಂದರು.

"ಇಪ್ಪತ್ತೆರಡು ನಿಮಿಷ. ನಾ ನೋಡಾಕತ್ತಿದ್ದೆ. ಹುಲಿಗೆವ್ವ ಬಂದು ಸರಿಯಾಗಿ ತಿಕ್ಕಿದಳು. ಪುಸ್ತಕದಾಗ ಹಂಗ ಐತಿ. ಆಕಿ ಹತ್ತು ನಿಮಿಷ ಮೊದಲು ಬಂದಿದ್ರ ಮಂಜವ್ವ ಬದುಕತಿದ್ಲು."

"ಚಾರ್ಟಿನಾಗ ನಾಡಿ ಏರಿದ್ದು ನೀನ ಬರ್ದೀ. ಯಾಕ ಕರೀಲಿಲ್ಲ?"

"ಒಳಗಿಂದ ಬರಲಿಲ್ರಿ. ಪಟ್ಟಿಯೊಳಗ ನೋಡಿದ್ರ ಕಾಣ್ತಿತ್ತು. ನನ್ನ ಅಂಕ ತೊಂಬತ್ತೆಂಟಿತ್ತು. ಅದನ್ನ ಅವ್ವ ಅಳಿಸ್ಯಾಳ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವಿರಲಿಲ್ಲ, ತಾಯಿಯನ್ನು ಹಿಡಿದುಕೊಟ್ಟೆನೆಂಬ ಅಳುಕೂ ಇರಲಿಲ್ಲ. ಸುಳ್ಳು ಹೇಳಲು ಬೇಕಾದ ಹೆದರಿಕೆಯೇ ಆ ಹುಡುಗಿಯಲ್ಲಿ ಉಳಿದಿರಲಿಲ್ಲ. ನೀಲಾಂಬಿಕಾಳಿಗೆ ಯಾಕೋ ಏನೋ, ಎದೆಯ ಮೇಲಿನ ಕಲ್ಲೊಂದು ಸರಿದ ಹಾಗಾಯಿತು. ಎದ್ದು ನಿಂತಳು. "ಹೌದ್ರಿ. ನಾನ ಅಳಿಸೀನಿ," ಎಂದಳು.

ಮೂಲೆಯಲ್ಲಿ ಹುಲಿಗೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು.

ಹುಲಿಗೆವ್ವನ ಮೇಲಿನ ಕೇಸು ಬಿದ್ದುಹೋಯಿತು. ಆದರೆ ಅನುಮತಿಯಿಲ್ಲದೆ ರೋಗಿಯನ್ನು ಮುಟ್ಟಿದ್ದಕ್ಕೆ ಆಯಾ ಕೆಲಸವೂ ಹೋಯಿತು. ನೀಲಾಂಬಿಕಾಳನ್ನು ಅಮಾನತು ಮಾಡಿ ಅವಳ ಮೇಲೆ ಮೊಕದ್ದಮೆ ಹೂಡಿದರು. ಶಾಲ್ಮಲಾಳ ನೋಂದಣಿ ರದ್ದಾಯಿತು. ಯಂತ್ರವನ್ನು ಮಾತ್ರ ಯಾರೂ ತೆಗೆಯಲಿಲ್ಲ. ಮುಸ್ತಾಕ್ ತನ್ನ ಗೆರೆಯ ಹಾಳೆಯನ್ನು ಸಮಿತಿಯ ಮುಂದಿಟ್ಟು ಎರಡು ತಾಸು ವಿವರಿಸಿದ. ಅವರು ತಲೆಯಾಡಿಸಿ ಕೇಳಿ, ನಿಯಮಕ್ಕೆ ಒಂದು ತಿದ್ದುಪಡಿ ತಂದರು. ಇನ್ನು ಮುಂದೆ ತುರ್ತಿನ ಸಂದರ್ಭಗಳಲ್ಲಿ ಬೆರಗಿನ ಅಲೆ ಏಳದಿದ್ದರೆ ಅಂಕ ಕಡಿತ. ಮರುವಾರವೇ ಸೆಕ್ಟರ್ ನಲವತ್ತೈದರ ತರಬೇತಿ ಕೇಂದ್ರದ ಮುಂದೆ ಹೊಸ ಫಲಕ ಬಿತ್ತು: ಇಲ್ಲಿ ಆರು ವಾರಗಳಲ್ಲಿ ಬೆಚ್ಚುವುದನ್ನು ಕಲಿಸಲಾಗುತ್ತದೆ. ಮುಸ್ತಾಕ್ ಅದನ್ನು ನೋಡಿ ಬಂದು, ರಾಜೀನಾಮೆ ಬರೆದುಕೊಟ್ಟು ಇಳಕಲ್ಲಿಗೆ ಹೋಗಿ ಮೊಬೈಲ್ ರಿಪೇರಿ ಅಂಗಡಿ ಹಾಕಿದ.

ಇದಾಗಿ ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಶಾಲ್ಮಲಾ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಶಿರೂರಿಗೆ ಹೋಗಿ ಬರ್ತೀನಿ," ಎಂದಳು.

"ಯಾಕ?"

"ಮಂಜವ್ವನ ಮನ್ಯಾಗ ಯಾರೂ ಹೇಳಿಲ್ಲ ಅವ್ವಾ, ಏನಾತು ಅಂತ. ವಿಚಾರಣಿಗೆ ಅವರನ್ನ ಕರೀಲೇ ಇಲ್ಲ. ಹೇಳೂದು ಬಾಕಿ ಐತಿ."

ನೀಲಾಂಬಿಕಾ ಬೇಡವೆಂದಳು, ಗದರಿಸಿದಳು, ಕೈ ಹಿಡಿದು ಎಳೆದಳು. ಶಾಲ್ಮಲಾ ಮೆಟ್ಟಿಲಿಳಿದಳು. ಕೊನೆಗೆ ತಾಯಿಯೂ ಹಿಂದೆಯೇ ಹೋಗಿ ಬಸ್ಸು ಹತ್ತಿದಳು.

ಮಂಜವ್ವನ ತಾಯಿ ಗೌರವ್ವನ ಮನೆ ಊರ ತುದಿಯಲ್ಲಿತ್ತು. ಅಂಗಳದಲ್ಲಿ ಬೇವಿನ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿದ್ದಳು. ನವನಗರದ ಹೆಂಗಸರನ್ನು ಕಂಡು, ಸೂಜಿ ಹಾಕುವವರು ಬಂದರೆಂದು ತಿಳಿದು, ಒಳಗಿಂದ ನೀರು ಬೆಲ್ಲ ತಂದಿಟ್ಟಳು. "ಕುಂದರ್ರವ್ವಾ. ಕೂಸಿಗೆ ನಿನ್ನಿಂದ ಸ್ವಲ್ಪ ಮೈ ಬೆಚ್ಚಗೈತಿ. ಸೂಜಿ ಹಾಕಬೋದೇನ?"

ಶಾಲ್ಮಲಾ ಕೂರಲಿಲ್ಲ. ನಿಂತೇ ಹೇಳಿದಳು. ಎರಡು ಹತ್ತಕ್ಕೆ ಏನಾಯಿತು, ಎರಡು ಹದಿನೆಂಟಕ್ಕೆ ಮಂಜವ್ವ ಏನೆಂದಳು, ತಾನೇನೆಂದೆ, ರಕ್ತ ಎಲ್ಲಿಯವರೆಗೆ ಹರಿಯಿತು, ಎಲ್ಲವನ್ನೂ ನಿಮಿಷ ಬಿಡದೆ ಹೇಳಿದಳು. "ನಾ ಕರೆದಿದ್ರ ಆಕಿ ಉಳೀತಿದ್ಲು. ನಾ ಕರೀಲಿಲ್ಲ," ಎಂದು ಮುಗಿಸಿದಳು.

ಗೌರವ್ವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವಳ ಗಂಟಲಿಂದ ಒಂದು ದನಿ ಹೊರಟಿತು. ನೀಲಾಂಬಿಕಾ ಜೀವಮಾನದಲ್ಲಿ ಅಂಥದನ್ನು ಕೇಳಿರಲಿಲ್ಲ. ಮುದುಕಿ ಎದ್ದು ಬಂದು, ಹೊಲದಲ್ಲಿ ದುಡಿದ ಕೈಯನ್ನು ಬೀಸಿ ಹುಡುಗಿಯ ಕೆನ್ನೆಗೆ ಬಾರಿಸಿದಳು. ಶಾಲ್ಮಲಾಳ ಮುಖ ಹೊಡೆತದ ರಭಸಕ್ಕೆ ಪಕ್ಕಕ್ಕೆ ತಿರುಗಿ ಮತ್ತೆ ಮೊದಲಿನ ಜಾಗಕ್ಕೆ ಬಂತು. ಕೆನ್ನೆಯ ಮೇಲೆ ಐದೂ ಬೆರಳು ಮೂಡಿದ್ದವು. ರೆಪ್ಪೆ ಬಡಿಯಲಿಲ್ಲ. ಕೈ ಕೆನ್ನೆಗೆ ಹೋಗಲಿಲ್ಲ.

ಗೌರವ್ವ ಮತ್ತೆ ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಮುದುಕಿ ಹುಡುಗಿಯ ಕಣ್ಣಿಗೆ ಕಣ್ಣಿಟ್ಟು, ಹತ್ತಿರ ಬಂದು, ಬಗ್ಗಿ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖದ ಮೇಲಿನ ಸಿಟ್ಟು ಕರಗಿ, ಆ ಜಾಗದಲ್ಲಿ ಹೆದರಿಕೆ ಬಂದು ಕೂತಿತು. ಎರಡು ಹೆಜ್ಜೆ ಹಿಂದೆ ಸರಿದಳು.

"ನಿನ್ನ ಮಗಳೇನ ಇಕಿ?" ಎಂದು ನೀಲಾಂಬಿಕಾಳನ್ನು ಕೇಳಿದಳು.

"ಹೌದ್ರಿ."

"ಈ ಕೂಸಿಗೆ ಯಾರು ಏನ್ ಮಾಡ್ಯಾರ?"

ನೀಲಾಂಬಿಕಾ ಮಗಳ ಕೆನ್ನೆಯ ಮೇಲಿನ ಬೆರಳುಗಳ ಗುರುತು ನೋಡಿದಳು.

"ನಾನ ಮಾಡೀನಿ," ಎಂದಳು.

ಗೌರವ್ವ ಅವಳಿಗೆ ಹೊಡೆಯಲಿಲ್ಲ, ಬೈಯಲಿಲ್ಲ. ಜೋಲಿಯಿಂದ ಮೊಮ್ಮಗಳನ್ನು ಎತ್ತಿ ಸೆರಗಿನೊಳಗೆ ಮುಚ್ಚಿಕೊಂಡು ಒಳಗೆ ಹೋದಳು. ಒಳಗಿಂದ ಅಗಳಿ ಬಿದ್ದ ಸದ್ದು ಕೇಳಿಸಿತು.